‘ಸರಪ್ಟಿಶಸ್’ ಪದವನ್ನು ಅರಿತು ಬಳಸುವ ಬಗೆ: ಸ್ಪರ್ಧಾರ್ಥಿಗಳಿಗೊಂದು ಮಾರ್ಗದರ್ಶಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಕೆಲವು ತಿಂಗಳ ಹಿಂದೆ ಹಾವೇರಿ ಕಡೆಯ ವಿದ್ಯಾರ್ಥಿಯೊಬ್ಬ ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹದ ಕುರಿತು ಒಂದು ಪುಟದ ಪ್ರಬಂಧ ಬರೆದು ತಂದಿದ್ದ. ಹೆಸರು ಹೇಳಿಕೊಳ್ಳದೆ ಅಕ್ಕಿ ಬೇಳೆ ಒಪ್ಪಿಸಿ ಹೋಗುವ ಭಕ್ತರನ್ನು ಮನಸಾರೆ ಮೆಚ್ಚಿ ಬರೆದ ಆ ಪುಟದಲ್ಲಿ ‘ಗುಪ್ತದಾನ’ ಎಂಬ ಮಾತನ್ನು ಅವನು ‘ಸರಪ್ಟಿಶಸ್ ಡೊನೇಶನ್’ ಎಂದು ಇಂಗ್ಲಿಷಿಗೆ ತಂದಿದ್ದ. ನಿಘಂಟಿನಲ್ಲಿ ಆ ಪದದ ಮುಂದೆ ‘ಗುಪ್ತವಾದ’ ಎಂಬ ಅರ್ಥವಿದ್ದುದು ನಿಜ. ಆದರೆ ಇಂಗ್ಲಿಷ್ ಬಲ್ಲವರು ಆ ಸಾಲನ್ನು ಓದಿದರೆ, ದಾನಿಯು ಯಾರ ಕಣ್ಣಿಗೂ ಬೀಳಬಾರದ ಹಣವನ್ನು ಹೇಗೋ ಸಾಗಹಾಕಿದ್ದಾನೆ ಎಂದೇ ತಿಳಿಯುತ್ತಾರೆ. ಭಕ್ತಿಯಿಂದ ಮಾಡಿದ ಕೆಲಸದ ಮೇಲೆ ಒಂದೇ ವಿಶೇಷಣದಿಂದ ಕಳಂಕ ಬಂದಂತಾಯಿತು. ಅಲ್ಲಿ ಬೇಕಾಗಿದ್ದುದು ‘ಅನಾನಿಮಸ್ ಡೊನೇಶನ್’, ಅಂದರೆ ಹೆಸರಿಲ್ಲದ ದಾನ.

ತಪ್ಪನ್ನು ತೋರಿಸಿದಾಗ ಅವನು ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. “ಗುಟ್ಟಾಗಿ ಮಾಡೋದು ಅಂದ್ರ ಸರಪ್ಟಿಶಸ್ ಅಂತನ ಐತಲ್ರಿ ಸರ್, ಮತ್ತ ಯಾಕ ತಪ್ಪಾತ್ರಿ?” ಎಂದಿದ್ದ. ಆ ಪ್ರಶ್ನೆಗೆ ತರಗತಿಯಲ್ಲಿ ಐದು ನಿಮಿಷದಲ್ಲಿ ಹೇಳಿದ ಉತ್ತರ ಸಾಲದೆಂದು ತೋರಿದ್ದರಿಂದ, ಈ ಪದವನ್ನು ಕೇಳುವುದರಿಂದ ಹಿಡಿದು ಸ್ವಂತ ವಾಕ್ಯದಲ್ಲಿ ಬಳಸುವವರೆಗಿನ ಹೆಜ್ಜೆಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಕಾಗುಣಿತ ಮತ್ತು ಉಚ್ಚಾರ

ಈ ಪದಕ್ಕೆ ಇಂಗ್ಲಿಷಿನಲ್ಲಿ 13 ಅಕ್ಷರಗಳು. ಅವನ್ನು ನಾಲ್ಕು ತುಂಡು ಮಾಡಿ ಬರೆದು ರೂಢಿಸಿಕೊಳ್ಳಿ: ಎಸ್-ಯು-ಆರ್, ಆರ್-ಇ-ಪಿ, ಟಿ-ಐ, ಟಿ-ಐ-ಓ-ಯು-ಎಸ್. ‘ಆರ್’ ಎರಡು ಬಾರಿ ಬರುತ್ತದೆ, ‘ಟಿ-ಐ’ ಜೋಡಿಯೂ ಎರಡು ಬಾರಿ ಬರುತ್ತದೆ. ನನ್ನ ವಿದ್ಯಾರ್ಥಿಗಳು ತಪ್ಪುವುದು ಸಾಮಾನ್ಯವಾಗಿ ಈ ಎರಡು ಕಡೆಗಳಲ್ಲಿಯೇ. ಉಚ್ಚಾರವು ಸ-ರಪ್-ಟಿ-ಶಸ್. ಕೊನೆಯ ತುಂಡನ್ನು ‘ಟಿಯಸ್’ ಎನ್ನಬಾರದು, ‘ಆಂಬಿಶಸ್’ ಪದದಲ್ಲಿರುವಂತೆ ‘ಶಸ್’ ಎನ್ನಬೇಕು. ಕನ್ನಡದಲ್ಲಿ ನಾವು ಪದದ ಮೊದಲಕ್ಷರಕ್ಕೆ ಒತ್ತು ಕೊಟ್ಟು ಮಾತನಾಡುವವರಾದ್ದರಿಂದ ಇಲ್ಲಿ ಸ್ವಲ್ಪ ಎಚ್ಚರ ಬೇಕು. ‘ಶಸ್’ ಎಂಬುದರ ಹಿಂದಿನ ತುಂಡಾದ ‘ಟಿ’ಯ ಮೇಲೆ ಒತ್ತು ಬೀಳಬೇಕು. ಕ್ರಿಯಾವಿಶೇಷಣವಾದಾಗ ‘ಸರಪ್ಟಿಶಸ್‌ಲಿ’ ಆಗುತ್ತದೆ, ಒತ್ತು ಇದ್ದಲ್ಲಿಯೇ ಇರುತ್ತದೆ.

ಎರಡನೆಯ ಹೆಜ್ಜೆ: ಬೇರನ್ನು ಹಿಡಿಯುವುದು

ಪದವನ್ನು ಬಾಯಿಪಾಠ ಮಾಡುವುದಕ್ಕಿಂತ ಅದು ಎಲ್ಲಿಂದ ಬಂದಿತೆಂದು ನೋಡುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ, ಮತ್ತು ಈ ಪದದ ವಿಷಯದಲ್ಲಿ ಅದು ಇನ್ನಷ್ಟು ನಿಜ. ಲ್ಯಾಟಿನ್ ಭಾಷೆಯಲ್ಲಿ ‘ಸಬ್’ ಎಂದರೆ ಕೆಳಗೆ, ‘ರಪೆರೆ’ ಎಂದರೆ ಕಸಿದುಕೊಳ್ಳುವುದು. ಇವೆರಡೂ ಕೂಡಿ ‘ಸರ್ರಿಪೆರೆ’ ಎಂಬ ಕ್ರಿಯಾಪದವಾಯಿತು. ಯಾರಿಗೂ ತಿಳಿಯದಂತೆ ಅಡಿಯಿಂದ ಎಗರಿಸುವುದು ಎಂದು ಅದರ ಅರ್ಥ. ಅದೇ ಕ್ರಿಯಾಪದದಿಂದ ಹುಟ್ಟಿದ ವಿಶೇಷಣವು 15ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಆರಂಭದಲ್ಲಿ ಅದು, ನಿಜ ಸಂಗತಿಯನ್ನು ಮುಚ್ಚಿಟ್ಟು ಪಡೆದುಕೊಂಡ ಪತ್ರ, ಅಪ್ಪಣೆ ಮುಂತಾದವುಗಳಿಗೆ ಸಲ್ಲುವ ಮಾತಾಗಿತ್ತು. 1623ರಲ್ಲಿ ಶೇಕ್ಸ್‌ಪಿಯರನ ನಾಟಕಗಳನ್ನು ಒಟ್ಟುಗೂಡಿಸಿ ಮುದ್ರಿಸಿದವರು, ಓದುಗರು ಅದುವರೆಗೆ ಮೋಸಹೋಗಿ ಕೊಂಡಿದ್ದ ಪ್ರತಿಗಳನ್ನು ಮುನ್ನುಡಿಯಲ್ಲಿ ‘ಕದ್ದ’ ಮತ್ತು ‘ಸರಪ್ಟಿಶಸ್’ ಎಂಬ ಎರಡು ವಿಶೇಷಣಗಳನ್ನು ಜೊತೆಗಿಟ್ಟು ಬಣ್ಣಿಸಿದ್ದಾರೆ. ಮುದ್ರಣಕಾಶಿ ಎನಿಸಿಕೊಂಡ ಗದಗಿನವರಿಗೆ ಈ ಬಳಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ: ಲೇಖಕನ ಅಥವಾ ಪ್ರಕಾಶಕನ ಒಪ್ಪಿಗೆಯಿಲ್ಲದೆ, ಅವರ ಅರಿವಿಗೆ ಬಾರದಂತೆ ಅಚ್ಚು ಹಾಕಿದ ಪುಸ್ತಕ ಎಂದಷ್ಟೇ ಅದರ ತಾತ್ಪರ್ಯ.

ಈ ಬೇರಿನಲ್ಲಿ ಕಳ್ಳತನವಿದೆ ಎಂದು ಹೇಳಿದ ಕೂಡಲೆ ತರಗತಿಯಲ್ಲಿ ಕೆಲವರ ಮುಖ ಅರಳುತ್ತದೆ, ಏಕೆಂದರೆ ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ. ‘ಕದ್ದು ನೋಡಿದ’ ಎಂದಾಗ ನೋಡಿದವನು ಏನನ್ನೂ ಕದ್ದಿರುವುದಿಲ್ಲ. ‘ಕದ್ದು ಕೇಳಿದ’ ಎಂದಾಗ ಮಾತನಾಡಿದವರ ಮಾತು ಅವರಲ್ಲಿಯೇ ಉಳಿದಿರುತ್ತದೆ. ಆದರೂ ಆ ನೋಟ, ಆ ಕೇಳುವಿಕೆ ಎದುರಿಗಿದ್ದವರ ಒಪ್ಪಿಗೆಯಿಲ್ಲದೆ, ಅವರ ಅರಿವಿಗೆ ಬಾರದಂತೆ ನಡೆದಿದ್ದರಿಂದ ನಮ್ಮ ಹಿರಿಯರು ಅದಕ್ಕೆ ಕಳವಿನ ಕ್ರಿಯಾಪದವನ್ನೇ ಜೋಡಿಸಿದರು. ಕಳ್ಳನೋಟ, ಕಳ್ಳಹೆಜ್ಜೆ, ಕಳ್ಳದಾರಿ, ಕದ್ದುಮುಚ್ಚಿ, ಇವೆಲ್ಲವೂ ಅದೇ ಬಳ್ಳಿಯ ಕುಡಿಗಳು. ಇಂಗ್ಲಿಷಿನ ‘ಫರ್ಟಿವ್’ ಎಂಬ ಪದವೂ ಹೀಗೆಯೇ ಹುಟ್ಟಿದ್ದು, ಲ್ಯಾಟಿನ್ನಿನಲ್ಲಿ ‘ಫರ್’ ಎಂದರೆ ಕಳ್ಳ. ‘ಸ್ಟೆಲ್ತಿ’ ಎಂಬುದು ‘ಸ್ಟೀಲ್’, ಅಂದರೆ ಕದಿ, ಎಂಬ ಅಚ್ಚ ಇಂಗ್ಲಿಷ್ ಧಾತುವಿನ ಬಳಗಕ್ಕೆ ಸೇರಿದ್ದು. ಬೇರೆ ಬೇರೆ ಭಾಷಾಕುಟುಂಬಗಳಿಗೆ ಸೇರಿದ ಕನ್ನಡವೂ ಇಂಗ್ಲಿಷೂ ಮರೆಯಲ್ಲಿ ನಡೆಯುವ ಕೆಲಸವನ್ನು ಕಳವಿನ ರೂಪಕದಿಂದಲೇ ಕಂಡಿರುವುದು ನನಗೆ ಪ್ರತಿ ಸಲ ಪಾಠ ಮಾಡುವಾಗಲೂ ಸಂತೋಷ ಕೊಡುವ ಸಂಗತಿ. ಆದ್ದರಿಂದ ‘ಸರಪ್ಟಿಶಸ್’ ಪದಕ್ಕೆ ‘ಗುಪ್ತ’ ಎಂಬ ಸಂಸ್ಕೃತ ಪದವನ್ನು ಅಂಟಿಸಿಕೊಳ್ಳುವುದಕ್ಕೆ ಬದಲಾಗಿ, ‘ಕದ್ದು’ ಎಂಬ ಮನೆಮಾತನ್ನು ಮೊದಲು ನೆನಪಿಗೆ ತಂದುಕೊಳ್ಳಿ. ಗುಪ್ತದಾನವು ಕದ್ದು ಕೊಟ್ಟ ದಾನವಲ್ಲ ಎಂಬುದು ಆಗ ತಾನಾಗಿಯೇ ಹೊಳೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕನ್ನಡದ ‘ಕಳ್ಳ’ ಎಂಬ ಮುಂಪದವು ಎಲ್ಲ ಕಡೆಗೂ ಒಂದೇ ಅರ್ಥ ಕೊಡುವುದಿಲ್ಲ. ‘ಕಳ್ಳನೋಟ’ ಎಂದರೆ ಕದ್ದು ನೋಡುವ ನೋಟ, ಅದು ‘ಸರಪ್ಟಿಶಸ್ ಗ್ಲಾನ್ಸ್’. ಅದಕ್ಕೊಂದು ಕೊಂಬು ಸೇರಿ ‘ಕಳ್ಳನೋಟು’ ಆದರೆ ಅದು ಖೊಟ್ಟಿ ನೋಟು, ಇಂಗ್ಲಿಷಿನಲ್ಲಿ ‘ಕೌಂಟರ್‌ಫೀಟ್’. ‘ಕಳ್ಳಬಟ್ಟಿ’ ಎಂದರೆ ಪರವಾನಗಿಯಿಲ್ಲದೆ ಇಳಿಸಿದ ಸಾರಾಯಿ, ಅದಕ್ಕೆ ‘ಇಲ್ಲಿಸಿಟ್’ ಎಂಬ ಪದವಿದೆ. ಮರೆಯಲ್ಲಿ ಮಾಡುವುದು, ಸುಳ್ಳಾಗಿರುವುದು, ಕಾನೂನಿಗೆ ಹೊರತಾಗಿರುವುದು ಎಂಬ ಮೂರು ಅರ್ಥಗಳನ್ನು ನಾವು ‘ಕಳ್ಳ’ ಎಂಬ ಒಂದೇ ಮಾತಿನಿಂದ ನಡೆಸಿಕೊಳ್ಳುತ್ತೇವೆ, ‘ಸರಪ್ಟಿಶಸ್’ ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ.

ಮೂರನೆಯ ಹೆಜ್ಜೆ: ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು

ಒಂದು ಸನ್ನಿವೇಶಕ್ಕೆ ಈ ಪದ ಹೊಂದುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸಲು ನಾನು ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆಗಳನ್ನು ಕೊಟ್ಟಿದ್ದೇನೆ. ಇದು ಯಾರೋ ಬೇಕೆಂದು ಮಾಡಿದ ಕೆಲಸವೇ? ಅದನ್ನು ಯಾರ ಕಣ್ಣಿನಿಂದ ಮರೆಮಾಡಲಾಗಿದೆ? ಅವರು ಕಂಡಿದ್ದರೆ ಬೇಡವೆನ್ನುತ್ತಿದ್ದರೇ, ಅಥವಾ ಮಾಡಿದವನಿಗೆ ಮುಜುಗರವಾಗುತ್ತಿತ್ತೇ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಪದವನ್ನು ಧೈರ್ಯವಾಗಿ ಬಳಸಬಹುದು.

ಮೊದಲ ಪ್ರಶ್ನೆಯಿಂದಲೇ ಎಷ್ಟೋ ತಪ್ಪುಗಳು ಕಳೆದುಹೋಗುತ್ತವೆ. ಪ್ರಯಾಗದಲ್ಲಿ ಸರಸ್ವತಿಯು ಗುಪ್ತಗಾಮಿನಿಯಾಗಿ ಹರಿಯುತ್ತಾಳೆ ಎಂಬ ನಂಬಿಕೆಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಹಿಡನ್’ ಎನ್ನಬೇಕೇ ಹೊರತು ‘ಸರಪ್ಟಿಶಸ್’ ಎನ್ನಲಾಗದು, ಏಕೆಂದರೆ ನದಿಗೆ ಯಾರ ಕಣ್ಣನ್ನೂ ತಪ್ಪಿಸುವ ಉದ್ದೇಶವಿಲ್ಲ. ನೆಲದಡಿಯ ನೀರು, ಎದೆಯೊಳಗಿನ ನೋವು, ಬೆಳೆಯ ಬೇರಿಗೆ ತಗುಲಿದ ರೋಗ, ಇವು ಕಾಣದೆ ಇರುವಂಥವು, ಕದ್ದು ನಡೆಯುವಂಥವಲ್ಲ. ಎರಡನೆಯ ಪ್ರಶ್ನೆಗೆ ಉತ್ತರವಾಗಿ ಒಬ್ಬ ವ್ಯಕ್ತಿಯೋ ಕೆಲವರ ಗುಂಪೋ ಹತ್ತಿರದಲ್ಲಿ ಇರಬೇಕು, ಇಲ್ಲವೇ ಯಾವ ಗಳಿಗೆಯಲ್ಲಾದರೂ ಕಂಡುಬಿಡುವ ಸಂಭವವಿರಬೇಕು. ಈ ಪದವು ಒಳಗೆ ಹಿಡಿದಿಟ್ಟಿರುವ ಚಿತ್ರವೇ ಅದು: ಎದುರಿಗೆ ಜನರಿದ್ದಾರೆ, ಅವರ ನಡುವೆಯೇ ಒಂದು ಚಿಕ್ಕ ಕೆಲಸ ಅವರ ಗಮನದಿಂದ ನುಸುಳಿಕೊಂಡು ಹೋಗುತ್ತದೆ.

ಮೂರನೆಯ ಪ್ರಶ್ನೆಯೇ ಬಹಳ ಸೂಕ್ಷ್ಮವಾದದ್ದು. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಕರು ಬೆನ್ನು ತಿರುಗಿಸಿದಾಗ ತೋಳಿನ ಮಡಿಕೆಯಿಂದ ಚೀಟಿ ತೆಗೆಯುವುದು, ಹೊಲದ ನೆರೆಯವನು ಊರಿನಲ್ಲಿಲ್ಲದ ದಿನ ನೋಡಿ ಬದುವನ್ನು ಒಂದು ಸಾಲಿನಷ್ಟು ಒತ್ತಿ ಉಳುವುದು, ಸಭೆಯಲ್ಲಿ ಕುಳಿತವರ ಮಾತನ್ನು ಜೇಬಿನಲ್ಲಿಟ್ಟ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದು, ಇವು ಮೂರೂ ತಪ್ಪು ಕೆಲಸಗಳೆಂಬುದರಲ್ಲಿ ಅನುಮಾನವಿಲ್ಲ, ಮೂರಕ್ಕೂ ಪದ ಹೊಂದುತ್ತದೆ. ಆದರೆ ಎಲ್ಲ ‘ಸರಪ್ಟಿಶಸ್’ ಕೆಲಸಗಳೂ ಕೆಟ್ಟವೆಂದು ತಿಳಿಯಬೇಕಾಗಿಲ್ಲ. ಗದಗಿನ ಬಸ್ ನಿಲ್ದಾಣದಲ್ಲಿ ಮಗಳನ್ನು ಧಾರವಾಡದ ಬಸ್ಸಿಗೆ ಹತ್ತಿಸಲು ಬಂದ ತಾಯಿಯನ್ನು ನೆನೆಯಿರಿ. ತಂದೆ ಸಾಮಾನು ಇಡಲು ಅತ್ತ ಹೋದಾಗ ಆಕೆ ಸೆರಗಿನ ಗಂಟು ಬಿಚ್ಚಿ ಐದು ನೂರರ ನೋಟನ್ನು ಮಗಳ ಚೀಲದೊಳಗೆ ತುರುಕಿ, “ಇಟ್ಕೊ ಯವ್ವಾ, ನಿಮ್ಮಪ್ಪಗ ಹೇಳಬ್ಯಾಡ” ಎನ್ನುತ್ತಾಳೆ. ಇದನ್ನು ‘ಹರ್ ಮದರ್ ಸರಪ್ಟಿಶಸ್‌ಲಿ ಸ್ಲಿಪ್ಡ್ ಎ ಫೈವ್ ಹಂಡ್ರೆಡ್ ರುಪೀ ನೋಟ್ ಇನ್‌ಟು ಹರ್ ಬ್ಯಾಗ್’ ಎಂದು ಬರೆದರೆ ವಾಕ್ಯ ಸೊಗಸಾಗಿಯೂ ಸರಿಯಾಗಿಯೂ ಇರುತ್ತದೆ. ತಂದೆ ಕಂಡಿದ್ದರೆ ಒಂದು ಮಾತು ಆಡುತ್ತಿದ್ದರು ಎಂಬುದಷ್ಟೇ ಇಲ್ಲಿ ಸಾಕು, ತಾಯಿಯ ಮೇಲೆ ಯಾವ ಆರೋಪವೂ ಬರುವುದಿಲ್ಲ. ಪದವು ಮರೆಯನ್ನೂ ಮುಜುಗರದ ಸಾಧ್ಯತೆಯನ್ನೂ ಹೇಳುತ್ತದೆ, ತೀರ್ಪನ್ನು ಸನ್ನಿವೇಶ ಕೊಡುತ್ತದೆ.

ಸಿದ್ಧಾರೂಢ ಮಠದ ದಾನಿಯನ್ನು ಈಗ ಇದೇ ಪ್ರಶ್ನೆಗಳ ಮುಂದೆ ನಿಲ್ಲಿಸಿ ನೋಡಿ. ಆತ ಬೇಕೆಂದೇ ಹೆಸರು ಹೇಳಲಿಲ್ಲ, ಸರಿ. ಆದರೆ ದಾನ ಕೊಟ್ಟದ್ದನ್ನು ಕಂಡವರು ಬೇಡವೆನ್ನುತ್ತಿರಲಿಲ್ಲ, ಕೈಮುಗಿಯುತ್ತಿದ್ದರು. ಮೂರನೆಯ ಪ್ರಶ್ನೆಯಲ್ಲಿ ಪದ ಬಿದ್ದುಹೋಗುತ್ತದೆ. ಚುನಾವಣೆಯ ಗುಪ್ತ ಮತದಾನವೂ ಹಾಗೆಯೇ. ಅಲ್ಲಿ ಗುಟ್ಟು ಕಾಪಾಡುವುದು ಕಾನೂನೇ ಕೊಟ್ಟ ಹಕ್ಕು, ಆದ್ದರಿಂದ ಅದು ‘ಸೀಕ್ರೆಟ್ ಬ್ಯಾಲೆಟ್’ ಆಗಿಯೇ ಇರಬೇಕು.

ನಾಲ್ಕನೆಯ ಹೆಜ್ಜೆ: ಯಾವ ಪದಗಳ ಪಕ್ಕದಲ್ಲಿ ಕೂರಿಸಬೇಕು

ಇಂಗ್ಲಿಷಿನ ವಿಶೇಷಣಗಳಿಗೆ ತಮ್ಮದೇ ಸಂಗಾತಿಗಳಿರುತ್ತಾರೆ. ‘ಸರಪ್ಟಿಶಸ್’ ಪದದ ಪಕ್ಕದಲ್ಲಿ ಒಂದು ಕ್ರಿಯೆಯನ್ನು ಹೇಳುವ ನಾಮಪದ ಬಂದರೆ ಚೆನ್ನ: ಗ್ಲಾನ್ಸ್, ಲುಕ್, ರೆಕಾರ್ಡಿಂಗ್, ಫೋಟೋಗ್ರಾಫ್, ವಿಸಿಟ್, ಕಾಲ್. ವಸ್ತುವನ್ನು ಹೇಳುವ ನಾಮಪದದ ಮುಂದೆ ಇದು ಅಷ್ಟಾಗಿ ಒಗ್ಗುವುದಿಲ್ಲ. ‘ಸರಪ್ಟಿಶಸ್ ರೂಮ್’ ಎಂದರೆ ಗುಪ್ತ ಕೋಣೆ ಎಂದಾಗುವುದಿಲ್ಲ, ಅಲ್ಲಿ ‘ಸೀಕ್ರೆಟ್ ರೂಮ್’ ಎನ್ನಬೇಕು. ಮನುಷ್ಯನ ಸ್ವಭಾವವನ್ನು ಹೇಳಲು ಸಹ ಇದನ್ನು ಬಳಸದಿರುವುದೇ ಲೇಸು. ಯಾವುದನ್ನೂ ಬಾಯಿಬಿಡದ, ಎಲ್ಲವನ್ನೂ ಮುಚ್ಚಿಟ್ಟುಕೊಳ್ಳುವ ವ್ಯಕ್ತಿಗೆ ‘ಸಿಕ್ರೆಟಿವ್’ ಎಂಬ ಪದ ಇದೆ. ಆ ವ್ಯಕ್ತಿ ಒಂದು ಗಳಿಗೆಯಲ್ಲಿ ಮಾಡುವ ಕೆಲಸ ‘ಸರಪ್ಟಿಶಸ್’, ಅವನ ದಿನನಿತ್ಯದ ರೀತಿ ‘ಸಿಕ್ರೆಟಿವ್’.

ನನ್ನ ಅಭಿಪ್ರಾಯದಲ್ಲಿ ವಿಶೇಷಣಕ್ಕಿಂತ ‘ಸರಪ್ಟಿಶಸ್‌ಲಿ’ ಎಂಬ ಕ್ರಿಯಾವಿಶೇಷಣವನ್ನು ಮೊದಲು ಕಲಿಯುವುದು ಕನ್ನಡಿಗರಿಗೆ ಸುಲಭ. ಇದಕ್ಕೆ ಕಾರಣ ನಮ್ಮ ಭಾಷೆಯ ಜಾಯಮಾನ. ನಾವು ‘ಕದ್ದ ನೋಟವೊಂದನ್ನು ಬೀರಿದನು’ ಎನ್ನುವುದು ಕಡಿಮೆ, ‘ಕದ್ದು ನೋಡಿದನು’ ಎನ್ನುವುದೇ ಹೆಚ್ಚು. ನಮ್ಮ ‘ಕದ್ದು’, ‘ಕಣ್ಣು ತಪ್ಪಿಸಿ’, ‘ಗೊತ್ತಾಗದಂತೆ’ ಎಂಬವು ಕ್ರಿಯಾಪದಕ್ಕೆ ಆತುಕೊಂಡು ನಿಲ್ಲುವ ರೂಪಗಳಾದ್ದರಿಂದ ಅವುಗಳ ಜಾಗದಲ್ಲಿ ಇಂಗ್ಲಿಷಿನ ಕ್ರಿಯಾವಿಶೇಷಣ ನೇರವಾಗಿ ಬಂದು ಕೂರುತ್ತದೆ. ‘ಶಿ ಗ್ಲಾನ್ಸ್ಡ್ ಸರಪ್ಟಿಶಸ್‌ಲಿ ಎಟ್ ದಿ ಕ್ಲಾಕ್’ ಎಂದರೆ, ‘ಯಾರಿಗೂ ಗೊತ್ತಾಗದಂತೆ ಗಡಿಯಾರದತ್ತ ಕಣ್ಣು ಹಾಯಿಸಿದಳು’. ಹಾಯಿಸು, ಜಾರಿಸು, ತುರುಕು, ಇಣುಕು, ಮುದ್ರಿಸಿಕೊ, ಸಾಗಿಸು ಮುಂತಾದ ಕ್ರಿಯಾಪದಗಳ ಇಂಗ್ಲಿಷ್ ರೂಪಗಳೊಂದಿಗೆ ಇದನ್ನು ಜೋಡಿಸಿ ಹತ್ತು ವಾಕ್ಯ ಬರೆದರೆ ಪದವು ಕೈಗೆ ಹತ್ತುತ್ತದೆ.

ಐದನೆಯ ಹೆಜ್ಜೆ: ನೆರೆಹೊರೆಯ ಪದಗಳಿಂದ ಬೇರ್ಪಡಿಸುವುದು

ಪರೀಕ್ಷೆಯಲ್ಲಿ ಸಮಾನಾರ್ಥಕ ಪದ ಕೇಳಿದಾಗ ಫರ್ಟಿವ್, ಸ್ಟೆಲ್ತಿ, ಕ್ಲಾಂಡೆಸ್ಟಿನ್, ಕವರ್ಟ್ ಇವುಗಳಲ್ಲಿ ಯಾವುದು ಕಂಡರೂ ಗುರುತು ಹಾಕಬಹುದು, ಅಲ್ಲಿ ಅಷ್ಟೇ ಸಾಕು. ಪ್ರಬಂಧ ಬರೆಯುವಾಗ ಮಾತ್ರ ಅವುಗಳ ನಡುವಿನ ಅಂತರ ತಿಳಿದಿರಬೇಕು.

‘ಫರ್ಟಿವ್’ ಎಂಬುದರಲ್ಲಿ ಅಳುಕು ಇದೆ. ಮಾಡುವವನ ಕಣ್ಣು ಅತ್ತಿತ್ತ ಓಡುತ್ತದೆ, ಮುಖದಲ್ಲಿ ತಪ್ಪಿತಸ್ಥನ ಕಳೆ ಕಾಣುತ್ತದೆ. ‘ಸರಪ್ಟಿಶಸ್’ ಕೆಲಸ ಮಾಡಿದವನು ನಗುನಗುತ್ತ ಮಾತನಾಡುತ್ತಲೇ ಮಾಡಿ ಮುಗಿಸಿರಬಹುದು, ನೋಡುವವರಿಗೆ ಏನೂ ಹತ್ತದಿರುವುದೇ ಅದರ ಗುಣ. ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನಲ್ಲಿ ಪಕ್ಕದವರ ಮೊಬೈಲ್ ಪರದೆಯನ್ನು ನಿರಾಳವಾಗಿ, ಕಿಟಕಿಯ ಹೊರಗೆ ನೋಡುವವನಂತೆ ಓದುವವನದು ‘ಸರಪ್ಟಿಶಸ್’ ನೋಟ. ಸಿಕ್ಕಿಬಿದ್ದೇನೋ ಎಂದು ಬೆಚ್ಚಿ ಬೆಚ್ಚಿ ಇಣುಕುವವನದು ‘ಫರ್ಟಿವ್’ ನೋಟ.

‘ಸ್ಟೆಲ್ತಿ’ ಎಂಬುದು ಸದ್ದು ಮತ್ತು ಚಲನೆಗೆ ಸಂಬಂಧಿಸಿದ್ದು. ಇಲಿಯನ್ನು ಹೊಂಚುವ ಬೆಕ್ಕಿನ ಹೆಜ್ಜೆಗೆ ಅದು ಸಹಜವಾದ ಪದ. ಇಲ್ಲಿ ಮುಜುಗರದ ಮಾತೇ ಇಲ್ಲ, ಎಚ್ಚರ ಮತ್ತು ತಾಳ್ಮೆ ಇವೆ.

‘ಕವರ್ಟ್’ ಎಂಬುದು ಸರ್ಕಾರ, ಸೇನೆ, ಗುಪ್ತಚರ ಸಂಸ್ಥೆಗಳು ಮೊದಲೇ ಯೋಜಿಸಿ ನಡೆಸುವ ಕಾರ್ಯಾಚರಣೆಗೆ ಸಲ್ಲುತ್ತದೆ. ನಮ್ಮ ‘ಗುಪ್ತ’ ಎಂಬುದಕ್ಕೆ ಇದು ಬಹಳ ಹತ್ತಿರ. ಇದರ ವಿರುದ್ಧ ಪದ ‘ಓವರ್ಟ್’, ಇವೆರಡನ್ನೂ ಜೋಡಿಯಾಗಿಯೇ ನೆನಪಿಡಿ.

‘ಕ್ಲಾಂಡೆಸ್ಟಿನ್’ ಪದದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಸೀಮೆಯ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದು ಬೇಕೇಬೇಕಾಗುತ್ತದೆ. ಇದು ಒಂದು ಗಳಿಗೆಯ ನೋಟಕ್ಕೋ ಕೈಚಳಕಕ್ಕೋ ಅಲ್ಲ, ಅಧಿಕಾರದಲ್ಲಿರುವವರಿಗೆ ತಿಳಿಯದಂತೆ ಹಲವರು ಸೇರಿ ದಿನಗಟ್ಟಲೆ ನಡೆಸುವ ಸಭೆ, ಸಂಘಟನೆ, ಮುದ್ರಣ, ಪ್ರಸಾರಗಳಿಗೆ ಹೊಂದುವ ಪದ. 1942ರ ಚಳವಳಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಮುಂಬಯಿಯಿಂದ ನಡೆಸಿದ ಕಾಂಗ್ರೆಸ್ ರೇಡಿಯೋವನ್ನು ‘ಕ್ಲಾಂಡೆಸ್ಟಿನ್ ರೇಡಿಯೋ’ ಎನ್ನುತ್ತಾರೆ. ಅದೇ ಕಾಲದಲ್ಲಿ ಹಾವೇರಿ ಸೀಮೆಯಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ತಂಡ ಬ್ರಿಟಿಷ್ ಆಡಳಿತದ ವಿರುದ್ಧ ಭೂಗತವಾಗಿ ಕೆಲಸ ಮಾಡಿತು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದಿದ್ದ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೊಂದಿಗೆ ಗುಂಡಿಗೆ ಬಲಿಯಾದರು. ಈ ಹುತಾತ್ಮರ ಭೂಗತ ಕಾರ್ಯಕ್ಕೆ ‘ಕ್ಲಾಂಡೆಸ್ಟಿನ್’ ಅಥವಾ ‘ಅಂಡರ್‌ಗ್ರೌಂಡ್’ ಎಂದು ಬರೆಯುವುದು ಯೋಗ್ಯ. ‘ಸರಪ್ಟಿಶಸ್’ ಎಂದು ಬರೆದರೆ ಅವರ ಕೆಲಸ ಕಿರಿದಾಗಿ, ಒಂದು ಗಳಿಗೆಯ ಕೈಚಳಕದ ಹಾಗೆ ಕಾಣುತ್ತದೆ. ವಿದ್ಯಾರ್ಥಿಗಳ ಬರಹದಲ್ಲಿ ಈ ಒಂದು ತಪ್ಪನ್ನು ನಾನು ಎಂದೂ ತಿದ್ದದೆ ಬಿಡುವುದಿಲ್ಲ.

ಕಾನೂನು ಓದುವವರಿಗೆ ಇನ್ನೊಂದು ಮಾತು. ‘ಕ್ಲಾಂಡೆಸ್ಟಿನ್’ ಪದದ ಮೂಲದಲ್ಲಿರುವ ಲ್ಯಾಟಿನ್ ಪದ ‘ಕ್ಲಾಮ್’, ಮರೆಯಲ್ಲಿ ಎಂದು ಅದರ ಅರ್ಥ. ಪ್ರತಿಕೂಲ ಸ್ವಾಧೀನದ, ಅಂದರೆ ಬೇರೆಯವರ ಜಮೀನನ್ನು ಬಹುಕಾಲ ಅನುಭವಿಸಿ ಅದರ ಮೇಲೆ ಹಕ್ಕು ಕೇಳುವ, ವ್ಯಾಜ್ಯಗಳ ತೀರ್ಪುಗಳಲ್ಲಿ ಬರುವ ‘ನೆಕ್ ವಿ, ನೆಕ್ ಕ್ಲಾಮ್, ನೆಕ್ ಪ್ರಿಕೇರಿಯೊ’ ಎಂಬ ಸೂತ್ರದಲ್ಲಿರುವುದೂ ಅದೇ ಪದ: ಬಲಾತ್ಕಾರದಿಂದಲ್ಲ, ಮರೆಯಲ್ಲಲ್ಲ, ಬೇಡಿ ಪಡೆದ ಅನುಮತಿಯಿಂದಲ್ಲ. 1963ರ ಕಾಲಮಿತಿ ಕಾಯ್ದೆಯಂತೆ ಖಾಸಗಿ ಜಮೀನಿಗೆ 12 ವರ್ಷಗಳ ಅವಧಿಯಿದ್ದರೂ, ಆ ಸ್ವಾಧೀನ ಮಾಲೀಕನಿಗೆ ತಿಳಿಯುವಂತೆ ಬಹಿರಂಗವಾಗಿ ನಡೆದಿರಬೇಕು. ಬದುವನ್ನು ವರ್ಷಕ್ಕೊಂದು ಸಾಲಿನಂತೆ ಕದ್ದು ಒತ್ತಿದವನಿಗೆ ಕಾನೂನಿನಲ್ಲಿ ನೆಲೆ ಸಿಗದಿರುವುದಕ್ಕೆ ‘ಕ್ಲಾಮ್’ ಎಂಬ ಈ ಪುಟ್ಟ ಪದವೂ ಒಂದು ಕಾರಣ.

‘ಸ್ನೀಕಿ’ ಎಂಬುದು ಆಡುಮಾತು, ಪ್ರಬಂಧದಲ್ಲಿ ಬಳಸಬೇಡಿ. ‘ಡಿಸ್ಕ್ರೀಟ್’ ಎಂಬುದು ಮಾತ್ರ ಗೌರವದ ಪದ: ಇನ್ನೊಬ್ಬರಿಗೆ ಮುಜುಗರವಾಗದಿರಲೆಂದು ಸದ್ದಿಲ್ಲದೆ ನಡೆದುಕೊಳ್ಳುವುದು. ಮದುವೆಯ ಪಂಕ್ತಿಯಲ್ಲಿ ಅತಿಥಿಯ ಅಂಗಿಯ ಮೇಲೆ ಸಾರು ಚೆಲ್ಲಿದ್ದನ್ನು ಕಿವಿಯಲ್ಲಿ ಹೇಳುವವನು ‘ಡಿಸ್ಕ್ರೀಟ್’, ಎಲೆಯಡಿಕೆಯ ತಟ್ಟೆಯಿಂದ ಕಾಣಿಕೆಯ ಲಕೋಟೆ ಜಾರಿಸುವವನ ಕೆಲಸ ‘ಸರಪ್ಟಿಶಸ್’. ಇದೇ ಉಚ್ಚಾರದ, ಆದರೆ ‘ಬಿಡಿಬಿಡಿಯಾದ’ ಎಂಬ ಅರ್ಥದ ಮತ್ತೊಂದು ಪದವಿದೆ. ಅದರ ಕೊನೆಯಲ್ಲಿ ಎರಡು ‘ಇ’ಗಳ ನಡುವೆ ‘ಟಿ’ ಬರುತ್ತದೆ, ನಮಗೆ ಬೇಕಾದ ಪದದಲ್ಲಿ ಎರಡು ‘ಇ’ಗಳೂ ಒಟ್ಟಿಗೆ ಬರುತ್ತವೆ.

ಆರನೆಯ ಹೆಜ್ಜೆ: ಕನ್ನಡಕ್ಕೆ ತರುವಾಗ

ಇಂಗ್ಲಿಷಿನ ಲೇಖನವೊಂದನ್ನು ಕನ್ನಡಿಸುವಾಗ ‘ರಹಸ್ಯವಾದ’ ಎಂಬ ಒಂದೇ ಪದದಿಂದ ಕೆಲಸ ಮುಗಿಸುವವರು ಬಹಳ. ‘ರಹಸ್ಯವಾದ ನೋಟ’ ಎಂದರೆ ಕನ್ನಡದಲ್ಲಿ ಗೂಢಾರ್ಥವುಳ್ಳ ನೋಟ ಎಂದಾಗಿಬಿಡುತ್ತದೆ, ಅದು ಬೇರೆಯೇ. ‘ಕಣ್ಣು ತಪ್ಪಿಸಿ’ ಎಂಬ ನುಡಿಗಟ್ಟು ನನಗೆ ಎಲ್ಲಕ್ಕಿಂತ ಮೆಚ್ಚಿನದು, ಏಕೆಂದರೆ ಅದರಲ್ಲಿ ಎದುರಿಗಿರುವವರ ಕಣ್ಣೂ ಇದೆ, ಅದನ್ನು ತಪ್ಪಿಸುವವನ ಪ್ರಯತ್ನವೂ ಇದೆ. ‘ಕದ್ದು’ ಎಂಬುದು ನೋಡು, ಕೇಳು, ತಿನ್ನು ಎಂಬ ಕ್ರಿಯಾಪದಗಳ ಮುಂದೆ ಚೆನ್ನಾಗಿ ಹೊಂದುತ್ತದೆ. ‘ಕದ್ದು ಕೊಟ್ಟನು’ ಎಂದರೆ ಮಾತ್ರ ಕಳವಿನ ಮಾಲನ್ನು ಕೊಟ್ಟನೆಂದು ಅರ್ಥವಾಗುವ ಅಪಾಯವಿದೆ, ಅಲ್ಲಿ ‘ಯಾರಿಗೂ ಕಾಣದಂತೆ ಕೈಗಿತ್ತನು’ ಎನ್ನಿ. ಕಥೆಯಲ್ಲಿ ಪಾತ್ರಗಳು ನಮ್ಮ ಕಡೆಯ ಮಾತನಾಡುತ್ತಿದ್ದರೆ ‘ಯಾರಿಗೂ ಗೊತ್ತಾಗಲಾರದಂಗ’ ಎಂಬುದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ. ಕಚೇರಿಯ ಕಡತಗಳಲ್ಲಿ ಬರುವ ‘ಗೌಪ್ಯ’ ಎಂಬುದನ್ನು ‘ಕಾನ್ಫಿಡೆನ್ಷಿಯಲ್’ ಪದಕ್ಕೆ ಮೀಸಲಿಡಿ. ‘ಒಳಗೊಳಗೇ’ ಎಂಬುದನ್ನು ಮನಸ್ಸಿನ ಭಾವಗಳಿಗೆ ಬಿಟ್ಟುಬಿಡಿ.

ಏಳನೆಯ ಹೆಜ್ಜೆ: ಸ್ವಂತವಾಗಿ ಬಳಸಿ ನೋಡುವುದು

ಕೆಳಗಿನ ಸನ್ನಿವೇಶಗಳಿಗೆ ಯಾವ ಪದ ಹೊಂದುತ್ತದೆ ಎಂದು ಮೊದಲು ನೀವೇ ಬರೆದುಕೊಂಡು, ಆಮೇಲೆ ನನ್ನ ಉತ್ತರಗಳನ್ನು ಓದಿರಿ. ಒಂದು, ಉಣಕಲ್ ಕೆರೆಯ ದಂಡೆಯಲ್ಲಿ ಬೆಳ್ಳಕ್ಕಿಯೊಂದು ಮೀನಿನ ಕಡೆಗೆ ನಿಧಾನವಾಗಿ ಕಾಲಿಡುತ್ತಿದೆ. ಎರಡು, ಮೇಲಧಿಕಾರಿಯು ನೌಕರನ ಬಗ್ಗೆ ಮುಚ್ಚಿದ ಲಕೋಟೆಯಲ್ಲಿ ವರದಿ ಕಳುಹಿಸಿದ್ದಾರೆ. ಮೂರು, ಸಕ್ಕರೆ ಕಾಯಿಲೆಯ ಅಜ್ಜ ಸೊಸೆ ಅಡುಗೆಮನೆಗೆ ಹೋದ ಸಮಯ ನೋಡಿ ಒಂದು ಧಾರವಾಡ ಪೇಢೆಯನ್ನು ಬಾಯಿಗೆ ಹಾಕಿಕೊಂಡು, ಏನೂ ಆಗದವರಂತೆ ಪತ್ರಿಕೆ ಓದುತ್ತಾರೆ. ನಾಲ್ಕು, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಬ್ಬ ಹಮಾಲನು ತೂಕದ ಚೀಲದಿಂದ ಒಂದು ಹಿಡಿ ಕಾಯಿಯನ್ನು ಟವೆಲಿನೊಳಗೆ ಸೇರಿಸಿ ಸುತ್ತಲೂ ಗಾಬರಿಯಿಂದ ನೋಡುತ್ತಾನೆ.

ಮೊದಲನೆಯದು ‘ಸ್ಟೆಲ್ತಿ’, ಎರಡನೆಯದು ‘ಕಾನ್ಫಿಡೆನ್ಷಿಯಲ್’. ಮೂರನೆಯದಕ್ಕೆ ‘ಸರಪ್ಟಿಶಸ್‌ಲಿ’ ಚೆನ್ನಾಗಿ ಒಪ್ಪುತ್ತದೆ: ಅಜ್ಜ ಬೇಕೆಂದೇ ತಿಂದರು, ಸೊಸೆಯ ಕಣ್ಣು ತಪ್ಪಿಸಿದರು, ಆಕೆ ಕಂಡಿದ್ದರೆ ತಡೆಯುತ್ತಿದ್ದಳು, ಮುಖದಲ್ಲಿ ಅಳುಕೂ ಇಲ್ಲ. ನಾಲ್ಕನೆಯದರಲ್ಲಿ ಎರಡು ಪದಗಳಿಗೂ ಜಾಗವಿದೆ. ಕೈಯ ಕೆಲಸವನ್ನು ಹೇಳುವಾಗ ‘ಸರಪ್ಟಿಶಸ್‌ಲಿ’ ಎಂದೂ, ಆಮೇಲಿನ ನೋಟವನ್ನು ಹೇಳುವಾಗ ‘ಫರ್ಟಿವ್’ ಎಂದೂ ಒಂದೇ ವಾಕ್ಯದಲ್ಲಿ ಬರೆಯಬಹುದು. ನಿಮ್ಮ ಉತ್ತರ ಇದಕ್ಕಿಂತ ಬೇರೆಯಾಗಿದ್ದರೆ, ಮೂರನೆಯ ಹೆಜ್ಜೆಯ ಪ್ರಶ್ನೆಗಳನ್ನು ಆ ಸನ್ನಿವೇಶದ ಪಕ್ಕದಲ್ಲಿ ಬರೆದು, ಒಂದೊಂದಕ್ಕೂ ಪೂರ್ಣ ವಾಕ್ಯದಲ್ಲಿ ಉತ್ತರ ಕೊಟ್ಟು ಮತ್ತೊಮ್ಮೆ ನೋಡಿರಿ.